ಗ್ರೀನ್ ಡೇ ಮಾರಾಟವಾದದ್ದು ಯಾವಾಗ?

ಪಂಕ್ ಸಂಗೀತದ ಮಂದಿಯ ಹತ್ತಿರ ಒಂದು ಬೈಗುಳ ಇದೆ. ಸೆಲ್‌ಔಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ತನ್ನನ್ನು ತಾನೇ ಮಾರಿಕೊಂಡವನು. ಕುಡಿದ, ಕೆಟ್ಟ, ಜೈಲಿಗೆ ಹೋದ ಅಂದರೂ ಪಂಕ್ ಹುಡುಗನಿಗೆ ಬೇಜಾರಾಗುವುದಿಲ್ಲ. ಮಾರಿಕೊಂಡ ಅಂದರೆ ಮಾತ್ರ ಮುಗೀತು, ಆ ಸೀಮೆಯಲ್ಲಿ ಅವನಿಗೆ ನೀರೂ ಹುಟ್ಟುವುದಿಲ್ಲ. ಈ ಬೈಗುಳವನ್ನು ಹೊಟ್ಟೆ ತುಂಬ ತಿಂದು, ಆಮೇಲೂ ಮೂವತ್ತು ವರ್ಷ ಗಟ್ಟಿಯಾಗಿ ನಿಂತ ಬ್ಯಾಂಡು ಗ್ರೀನ್ ಡೇ.

ಅವರ ಮೇಲಿನ ಚಾರ್ಜ್‌ಶೀಟಿನಲ್ಲಿ ತಾರೀಖು ಸ್ಪಷ್ಟವಾಗಿದೆ: 1993. ಆ ವರ್ಷ ಅವರು ಪುಟ್ಟದೊಂದು ಸ್ವತಂತ್ರ ಕಂಪನಿ ಬಿಟ್ಟು, ವಾರ್ನರ್ ಬಳಗದ ರಿಪ್ರೈಸ್ ರೆಕಾರ್ಡ್ಸ್ ಜೊತೆ ಸಹಿ ಹಾಕಿದರು. ಹಳೇ ಅಭಿಮಾನಿಗಳಲ್ಲಿ ಅನೇಕರಿಗೆ ಕೇಸು ಅಲ್ಲಿಗೇ ಮುಗಿಯಿತು. ನನ್ನ ವಾದ ಬೇರೆ. ಗ್ರೀನ್ ಡೇ ಏನನ್ನೋ ಮಾರಿಕೊಂಡದ್ದು ನಿಜ. ಆದರೆ ಮಾರಿದ್ದು 1993ರಲ್ಲಿ ಅಲ್ಲ, ಮಾರಿದ ವಸ್ತುವೂ ಜನ ಅಂದುಕೊಂಡದ್ದಲ್ಲ. ಅದನ್ನು ತೋರಿಸೋಕೆ ಕಾಂಟ್ರಾಕ್ಟು ಓದಿ ಪ್ರಯೋಜನವಿಲ್ಲ, ಹಾಡು ಕೇಳಬೇಕು.

ಮೊದಲು ಊರು-ಕೇರಿ. ಕ್ಯಾಲಿಫೋರ್ನಿಯಾ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ, ಸಿಲಿಕಾನ್ ವ್ಯಾಲಿಯ ಆಫೀಸುಗಳು. ಅದೇ ಕೊಲ್ಲಿಯ ಪೂರ್ವ ದಡದಲ್ಲಿ ರೋಡಿಯೊ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಗುರುತು ತೈಲ ಸಂಸ್ಕರಣಾ ಘಟಕ. ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಬೆಳೆದದ್ದು ಅಲ್ಲಿ. ಅಪ್ಪ ಲಾರಿ ಡ್ರೈವರ್, ಜೊತೆಗೆ ಜಾಝ್ ನುಡಿಸುತ್ತಿದ್ದವರು. 1982ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ. ಅಮ್ಮ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ ಮನೆ ನಡೆಸಿದರು. ಬಾಲ್ಯದ ಗೆಳೆಯ ಮೈಕ್ ಡರ್ಂಟ್ ಜೊತೆ ಸೇರಿ ಬಿಲ್ಲಿ ಜೋ 1987ರಲ್ಲಿ ‘ಸ್ವೀಟ್ ಚಿಲ್ಡ್ರನ್’ ಅಂತ ಬ್ಯಾಂಡು ಕಟ್ಟಿದ. ಮೊದಲ ಕಾರ್ಯಕ್ರಮ ನಡೆದದ್ದು ಅಮ್ಮ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲೇ. 1989ರಲ್ಲಿ ಹೆಸರು ಗ್ರೀನ್ ಡೇ ಆಯಿತು. 1990ರಲ್ಲಿ ಹಳೇ ಡ್ರಮ್ಮರ್ ಓದಲು ಹೋದ, ಟ್ರೇ ಕೂಲ್ ಬಂದ. ಅಲ್ಲಿಂದ ಇಲ್ಲಿವರೆಗೂ ಅದೇ ಮೂವರು.

ಇವರನ್ನು ತಯಾರು ಮಾಡಿದ್ದು ಪಕ್ಕದ ಬರ್ಕ್ಲಿಯ ಒಂದು ಹಳೇ ಗೋದಾಮು. ವಿಳಾಸವೇ ಹೆಸರು: 924 ಗಿಲ್ಮನ್ ಸ್ಟ್ರೀಟ್. 1986ರ ಕೊನೆಯ ದಿನ ಬಾಗಿಲು ತೆರೆದ ಈ ಜಾಗವನ್ನು ನಡೆಸುತ್ತಿದ್ದದ್ದು ಸ್ವಯಂಸೇವಕರು. ಟಿಕೆಟು ಅಗ್ಗ, ಯಾವ ವಯಸ್ಸಿನವರೂ ಒಳಗೆ ಬರಬಹುದು. ಹೆಂಡ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ. ಜನಾಂಗದ, ಹೆಣ್ಣಿನ, ಸಲಿಂಗಿಗಳ ಅವಹೇಳನಕ್ಕೆ ಅವಕಾಶ ಇಲ್ಲ. ಇನ್ನೂ ಒಂದು ನಿಯಮ: ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಇಲ್ಲಿ ವೇದಿಕೆ ಇಲ್ಲ. ಹದಿನಾರು-ಹದಿನೇಳರ ಹುಡುಗರಿಗೆ ಇದು ಒಂದು ರೀತಿಯಲ್ಲಿ ನಮ್ಮ ಊರ ಅರಳೀಕಟ್ಟೆ, ಇನ್ನೊಂದು ರೀತಿಯಲ್ಲಿ ಮಠ.

ಆ ಬಳಗದ ಪುಟ್ಟ ಕಂಪನಿ ಲುಕ್‌ಔಟ್ ರೆಕಾರ್ಡ್ಸ್. ಅಲ್ಲಿಂದ ‘39/ಸ್ಮೂದ್’ ಮತ್ತು ‘ಕರ್‌ಪ್ಲಂಕ್’ ಎಂಬ ಎರಡು ಆಲ್ಬಂ ಬಂದವು. ಎರಡನೆಯದು ಎಷ್ಟು ಬೇಡಿಕೆ ಹುಟ್ಟಿಸಿತು ಅಂದರೆ ದೊಡ್ಡ ಕಂಪನಿಗಳು ತಾವಾಗೇ ಹುಡುಕಿಕೊಂಡು ಬಂದವು. 1991ರಲ್ಲಿ ನಿರ್ವಾಣ ಬ್ಯಾಂಡು ಸಿಡಿದ ಮೇಲೆ ಪ್ರತಿ ಕಂಪನಿಯೂ ಇನ್ನೊಂದು ಅಂಥದ್ದು ಎಲ್ಲಿದೆ ಅಂತ ಅಲೆಯುತ್ತಿದ್ದ ಕಾಲ ಅದು. ಸಹಿ ಬಿತ್ತು. ಗಿಲ್ಮನ್ ಬಾಗಿಲು ಹಾಕಿಕೊಂಡಿತು. 1994ರ ಫೆಬ್ರುವರಿ 1ಕ್ಕೆ ‘ಡೂಕಿ’ ಬಂತು. ಡೂಕಿ ಅಂದರೆ ಏನು ಅಂತ ಕೇಳಬೇಡಿ. ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳು ಅದಕ್ಕೆ ‘ಕಕ್ಕ’ ಅಂತಾರೆ. ಆ ಹೆಸರಿನ ಆಲ್ಬಂ ಅಮೆರಿಕ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು, ಗ್ರ್ಯಾಮಿಯನ್ನೂ ತಂದಿತು.

ಈಗ ಆರೋಪಕ್ಕೆ ಬರೋಣ. ಕಂಪನಿಯ ದುಡ್ಡಿಗಾಗಿ ಪಂಕನ್ನು ಪಾಪ್ ಮಾಡಿದರು, ಒಗರು ಕಾಫಿಗೆ ಸಕ್ಕರೆ ಸುರಿದರು ಅನ್ನುವುದು ಅದರ ಸಾರ. ಇದನ್ನು ಪರೀಕ್ಷೆ ಮಾಡೋಕೆ ಲ್ಯಾಬಿನಲ್ಲಿ ಇಟ್ಟ ಹಾಗೆ ಒಂದು ಸ್ಯಾಂಪಲ್ ನಮಗೆ ಸಿಕ್ಕಿದೆ. ‘ವೆಲ್ಕಂ ಟು ಪ್ಯಾರಡೈಸ್’ ಅನ್ನುವ ಹಾಡು ಮೊದಲು ಬಂದದ್ದು ಲುಕ್‌ಔಟ್‌ನ ‘ಕರ್‌ಪ್ಲಂಕ್’ನಲ್ಲಿ. ಅದೇ ಹಾಡನ್ನು ‘ಡೂಕಿ’ಗೆ ಮತ್ತೆ ರೆಕಾರ್ಡ್ ಮಾಡಿದರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ರಾಗ ಅದೇ, ಮಾತು ಅದೇ, ಮಧ್ಯದಲ್ಲಿ ಬಾಸ್ ಗಿಟಾರು ತಲೆ ತಿರುಗಿದವರ ಹಾಗೆ ಸುತ್ತುವ ಭಾಗವೂ ಅದೇ. ಬದಲಾದದ್ದು ಸದ್ದು ಮಾತ್ರ. ಮೊದಲನೆಯದರಲ್ಲಿ ಡ್ರಮ್ಮು ಪಕ್ಕದ ಮನೆಯಿಂದ ಕೇಳಿದ ಹಾಗಿದೆ. ಎರಡನೆಯದರಲ್ಲಿ ರಾಬ್ ಕವಾಲೊ ಎಂಬ ನಿರ್ಮಾಪಕ ಒಳ್ಳೆ ಸ್ಟುಡಿಯೋದಲ್ಲಿ ಪ್ರತಿ ವಾದ್ಯಕ್ಕೂ ಅದರದರ ಜಾಗ ಕೊಟ್ಟಿದ್ದಾನೆ. ಕನ್ನಡಕ ಹಾಕಿಕೊಂಡ ಮೇಲೆ ಅದೇ ಊರನ್ನು ನೋಡಿದ ಹಾಗೆ. ಊರು ಬದಲಾಗಿಲ್ಲ.

ಸಕ್ಕರೆ ಅವರ ಹಾಡಿನಲ್ಲಿ ಮೊದಲಿಂದಲೂ ಇತ್ತು. ಅಷ್ಟೇ ಯಾಕೆ, ಪಂಕ್‌ನಲ್ಲೇ ಮೊದಲಿಂದ ಇತ್ತು. 1974ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ರಮೋನ್ಸ್ ಬ್ಯಾಂಡು ಅರವತ್ತರ ದಶಕದ ಪಾಪ್ ಹಾಡುಗಳನ್ನು ಉಸಿರು ಕಟ್ಟುವ ವೇಗದಲ್ಲಿ ಓಡಿಸಿದಂತೆ ಹಾಡುತ್ತಿತ್ತು. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ 1970ರ ದಶಕದ ಕೊನೆಯಲ್ಲೇ ಮುರಿದ ಪ್ರೀತಿಯ ಬಗ್ಗೆ ಮೂರು ನಿಮಿಷದ ಗುನುಗುವ ಹಾಡು ಕಟ್ಟಿತ್ತು. ಹಾಗಾಗಿ ‘ಪಂಕ್ ಪಾಪ್’ ಅನ್ನುವುದು ಯಾರೋ ಮಾರ್ಕೆಟಿಂಗ್‌ನವರು ಮಾಡಿದ ಕಲಬೆರಕೆ ಅಲ್ಲ. ಗಿಟಾರಿನಲ್ಲಿ ಮೂರೋ ನಾಲ್ಕೋ ಕಾರ್ಡು, ಅದನ್ನು ಕರಕರ ಅನ್ನಿಸುವ ಆಂಪ್ಲಿಫೈಯರು, ಅದರ ಮೇಲೆ ಸ್ನಾನದ ಮನೆಯಲ್ಲೂ ನಾಲಿಗೆಗೆ ಬರುವ ರಾಗ. ಕೆಳಗೆ ಜಗಳ, ಮೇಲೆ ಜೋಗುಳ. ಈ ಎರಡರ ನಡುವಿನ ತಿಕ್ಕಾಟದಿಂದಲೇ ಆ ಪ್ರಕಾರ ಬದುಕಿರುವುದು. ಗ್ರೀನ್ ಡೇ ಅದನ್ನು ಕಂಡುಹಿಡಿಯಲಿಲ್ಲ. ತಮಗಿಂತ ಮುಂಚೆ ಯಾರೂ ತಲುಪಿಸದಷ್ಟು ಮನೆಗಳಿಗೆ ತಲುಪಿಸಿದರು.

ಹಾಗಂತ ಗಿಲ್ಮನ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಅದು ದ್ವೇಷದಿಂದ ಹುಟ್ಟಿದ ನಿಯಮ ಅಲ್ಲ. ದುಡ್ಡಿರುವವರು ಒಳಗೆ ಬಂದರೆ ಜಾಗದ ಬೆಲೆ ಏರುತ್ತೆ, ಸ್ಥಳೀಯ ಹುಡುಗರಿಗೆ ಸರದಿ ಸಿಗುವುದಿಲ್ಲ, ಗೋದಾಮು ಕಂಪನಿಗಳ ಆಡಿಷನ್ ಹಾಲ್ ಆಗಿಬಿಡುತ್ತೆ. ಬೆಂಗಳೂರಿನಲ್ಲಿ ನಮ್ಮ ಕಣ್ಣೆದುರೇ ಎಷ್ಟು ಬಡಾವಣೆಗಳಿಗೆ ಇದೇ ಆಗಿದೆ. ನಮ್ಮ ಸಂಬಳವೇ ಅಲ್ಲಿನ ಬಾಡಿಗೆ ಏರಿಸಿದ್ದೂ ನಮಗೆ ಗೊತ್ತು. ಒಂದು ಜಾಗ ತನ್ನನ್ನು ಉಳಿಸಿಕೊಳ್ಳೋಕೆ ಬೇಲಿ ಹಾಕಿದರೆ ಅದನ್ನು ಸಣ್ಣತನ ಅನ್ನಬಾರದು. ಬೇಲಿ ಹಾಕಿದವರೂ ಸರಿ, ಬೇಲಿ ದಾಟಿ ಹೋದವರೂ ಸರಿ. ಇಂಥ ಜಗಳಗಳೇ ಹೆಚ್ಚು ನೋಯಿಸುವುದು. ಆ ನೋವು ಎಷ್ಟಿತ್ತು ಅಂತ 1995ರ ‘ಇನ್ಸಾಮ್ನಿಯಾಕ್’ ಆಲ್ಬಂನ ‘86’ ಎಂಬ ಹಾಡು ಹೇಳುತ್ತೆ. ಅಮೆರಿಕದ ಆಡುಮಾತಿನಲ್ಲಿ ಬಾರಿನಿಂದಲೋ ಹೋಟೆಲಿನಿಂದಲೋ ಒಬ್ಬನನ್ನು ಹೊರಗೆ ಹಾಕುವುದಕ್ಕೆ ಆ ಸಂಖ್ಯೆಯನ್ನು ಬಳಸುತ್ತಾರೆ. ಹಾಡಿನಲ್ಲಿ ಬೈಗುಳಕ್ಕೆ ತಿರುಗಿ ಬೈಗುಳ ಇಲ್ಲ. ಮನೆಯಿಂದ ಹೊರಗೆ ಹಾಕಿಸಿಕೊಂಡವನ ಪೆಚ್ಚುಮುಖ ಇದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಚಿಕ್ಕದೆಲ್ಲ ಪ್ರಾಮಾಣಿಕ, ದೊಡ್ಡದೆಲ್ಲ ಮೋಸ ಅನ್ನುವ ಲೆಕ್ಕವೂ ಇಲ್ಲಿ ತಾಳೆಯಾಗುವುದಿಲ್ಲ. ದೊಡ್ಡ ಕಂಪನಿಗೆ ಹೋದ ಮೇಲೂ ಗ್ರೀನ್ ಡೇ ತಮ್ಮ ಹಳೇ ಆಲ್ಬಂಗಳನ್ನು ಲುಕ್‌ಔಟ್‌ನಲ್ಲೇ ಬಿಟ್ಟಿತ್ತು. ಅದರ ಮಾರಾಟ ಆ ಪುಟ್ಟ ಕಂಪನಿಗೆ ಆಧಾರವಾಗಿತ್ತು. ಕೊನೆಗೆ ರಾಯಲ್ಟಿ ಸರಿಯಾಗಿ ಬಾರದೆ 2005ರಲ್ಲಿ ಅವನ್ನು ವಾಪಸ್ ತೆಗೆದುಕೊಂಡರು.

ಸರಿ, ಕಾಂಟ್ರಾಕ್ಟಿನಿಂದ ಹಾಡು ಕೆಡಲಿಲ್ಲ. ಹಾಗಾದರೆ ಆ ಹಾಡುಗಳ ಜೀವ ಇರುವುದೆಲ್ಲಿ? ನನ್ನ ಪ್ರಕಾರ ‘ನಾನು’ ಅನ್ನುವ ಪದದಲ್ಲಿ. ನಮ್ಮ ಸಾಹಿತ್ಯದಲ್ಲಿ ನವ್ಯದವರ ‘ನಾನು’, ಬಂಡಾಯದವರ ‘ನಾವು’ ಅಂತ ಒಂದು ಹಳೇ ಚರ್ಚೆ ಇದೆಯಲ್ಲ, ಅದನ್ನು ನೆನಪಿಸಿಕೊಳ್ಳಿ. ಪಂಕ್‌ನಲ್ಲಿ ಕ್ಲ್ಯಾಶ್ ಥರದ ಬ್ಯಾಂಡುಗಳು ‘ನಾವು’ ಕಡೆಯವರು. ಅವರ ಹಾಡಿನಲ್ಲಿ ಬೀದಿ, ಪೊಲೀಸ್, ನಿರುದ್ಯೋಗ ಎಲ್ಲ ಬರುತ್ತೆ. ‘ಡೂಕಿ’ ಪಕ್ಕಾ ‘ನಾನು’ ಕಡೆಯದು. ಆ ‘ನಾನು’ ನವ್ಯದ ನಾಯಕನ ಹಾಗೆ ದೊಡ್ಡ ಚಿಂತಕನೂ ಅಲ್ಲ. ‘ಲಾಂಗ್‌ವ್ಯೂ’ ಹಾಡಿನ ಹುಡುಗ ಸೋಫಾ ಮೇಲೆ ಬಿದ್ದುಕೊಂಡಿದ್ದಾನೆ. ಕೆಲಸ ಇಲ್ಲ, ಟೀವಿಯಲ್ಲಿ ಏನೂ ಇಲ್ಲ, ತನ್ನ ಮೈ ಬಿಟ್ಟರೆ ಬೇರೆ ಮನರಂಜನೆ ಇಲ್ಲ, ಅದೂ ಬೇಜಾರಾಗಿದೆ. ‘ಬ್ಯಾಸ್ಕೆಟ್ ಕೇಸ್’ ಹುಟ್ಟಿದ್ದು ಬಿಲ್ಲಿ ಜೋನ ಪ್ಯಾನಿಕ್ ಅಟ್ಯಾಕ್‌ಗಳಿಂದ. ತನಗೆ ಹುಚ್ಚು ಹಿಡಿಯುತ್ತಿದೆಯಾ ಅಂತ ಅನುಮಾನ ಬಂದವನು, ತನ್ನ ಗೋಳು ಎಷ್ಟು ಬೋರಾಗಿದೆ ಅಂತ ತಾನೇ ನಗುತ್ತಾ ಹೇಳುವ ಹಾಡು. ಮಾನಸಿಕ ಆರೋಗ್ಯದ ಬಗ್ಗೆ ಕಂಪನಿಗಳ ಎಚ್‌ಆರ್‌ನಿಂದ ವಾರಕ್ಕೊಂದು ಮೇಲ್ ಬರುವ ಕಾಲ ಅದಲ್ಲ. ‘ಕಮಿಂಗ್ ಕ್ಲೀನ್’ ಒಂದೂವರೆ ನಿಮಿಷದ ಹಾಡು. ತಾನು ಯಾರಿಗೆ ಮನಸೋಲುತ್ತೇನೆ ಅನ್ನುವುದನ್ನು ಹುಡುಗನೊಬ್ಬ ತನಗೇ ಒಪ್ಪಿಸಿಕೊಳ್ಳುವುದು ಅದರ ವಸ್ತು. 1995ರಲ್ಲಿ ಬಿಲ್ಲಿ ಜೋ ತಾನು ದ್ವಿಲಿಂಗಾಸಕ್ತ ಅಂತ ಬಹಿರಂಗವಾಗಿ ಹೇಳಿದ. ಅದಕ್ಕೂ ಮುಂಚೆ, 1994ರ ಪ್ರವಾಸದಲ್ಲಿ, ಸಲಿಂಗಿ ಬದುಕನ್ನೇ ಹಾಡುವ ಪ್ಯಾನ್ಸಿ ಡಿವಿಷನ್ ಎಂಬ ಬ್ಯಾಂಡನ್ನು ಜೊತೆಗೆ ಕರೆದುಕೊಂಡು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹಾಡಿಸಿದರು. ಗಿಲ್ಮನ್‌ನ ಗೋಡೆಯ ಮೇಲಿದ್ದ ನಿಯಮವನ್ನು ಗಿಲ್ಮನ್ ಹೆಸರೂ ಕೇಳದ ಊರುಗಳಿಗೆ ಹೊತ್ತುಕೊಂಡು ಹೋದ ಹಾಗಾಯಿತು. ಮಾರಿಕೊಂಡವರು ಮಾಡುವ ಕೆಲಸ ಅಲ್ಲ ಅದು.

‘ವೆಲ್ಕಂ ಟು ಪ್ಯಾರಡೈಸ್’ಗೆ ಮತ್ತೆ ಬರುತ್ತೇನೆ, ಯಾಕೆಂದರೆ ಹಳ್ಳಿ ಬಿಟ್ಟು ಬಂದ ನನ್ನಂಥವರಿಗೆ ಆ ಹಾಡು ಅರ್ಥವಾಗೋಕೆ ಟಿಪ್ಪಣಿ ಬೇಕಿಲ್ಲ. ಮನೆ ಬಿಟ್ಟು ಓಕ್ಲಂಡಿನ ಹಾಳು ಕಟ್ಟಡವೊಂದರಲ್ಲಿ ಇರಲು ಹೋದ ಹುಡುಗ ಅಮ್ಮನನ್ನು ಉದ್ದೇಶಿಸಿ ಹಾಡುತ್ತಾನೆ. ಶುರುವಿನಲ್ಲಿ ಗೋಳು, ಭಯ. ಹಾಡು ಮುಂದೆ ಹೋದಂತೆ ಅದೇ ಕೊಳಕು ಬೀದಿ ಅವನಿಗೆ ಒಗ್ಗುತ್ತೆ. ಕೊನೆಗೆ ಇದೇ ಸ್ವರ್ಗ ಅಂತಾನೆ. ವ್ಯಂಗ್ಯವೋ ನಿಜವೋ ಅವನಿಗೂ ಗೊತ್ತಿಲ್ಲ. ಪಿಜಿಯ ಮೂರನೇ ಮಹಡಿಯಲ್ಲಿ, ಒಂದು ಮಂಚ, ಒಂದು ಬಕೆಟ್ಟು, ನಾಲ್ಕು ಜನರ ರೂಮಿನಲ್ಲಿ ನಿಂತು ‘ಊಟ ಚೆನ್ನಾಗಿದೆ ಅಮ್ಮಾ, ಏನೂ ತೊಂದರೆ ಇಲ್ಲ’ ಅಂತ ಫೋನು ಮಾಡಿದ ಯಾರಿಗಾದರೂ ಆ ದನಿ ಗೊತ್ತು. ಆರು ತಿಂಗಳಾದ ಮೇಲೆ ಅದು ಸುಳ್ಳಾಗಿ ಉಳಿದಿರುವುದಿಲ್ಲ ಅನ್ನುವುದೂ ಗೊತ್ತು. ಇಷ್ಟನ್ನು ನಾಲ್ಕು ನಿಮಿಷದೊಳಗೆ, ಒಂದೂ ದೊಡ್ಡ ಮಾತಾಡದೆ ಹೇಳಿದ್ದಾರೆ.

ಆಮೇಲಿನ ಹತ್ತು ವರ್ಷ ಏರಿಳಿತದ ಕಾಲ. ‘ಇನ್ಸಾಮ್ನಿಯಾಕ್’ ಕಪ್ಪಗೆ ಕುದಿಯುವ ಆಲ್ಬಂ. ನನಗೆ ತುಂಬ ಇಷ್ಟ, ಆದರೆ ಮಾರಾಟ ‘ಡೂಕಿ’ಯ ಹತ್ತಿರಕ್ಕೂ ಬರಲಿಲ್ಲ. 1997ರ ‘ನಿಮ್‌ರಾಡ್’ನಲ್ಲಿ ಒಂದು ಅಚ್ಚರಿ ಇತ್ತು: ಬರೀ ಅಕೂಸ್ಟಿಕ್ ಗಿಟಾರು, ಪಿಟೀಲು, ಒಂದು ಮೆಲುದನಿ. ‘ಗುಡ್ ರಿಡನ್ಸ್’. ದೂರ ಹೋದ ಗೆಳತಿಯ ಮೇಲಿನ ಸಿಟ್ಟಿನಲ್ಲಿ ಹುಟ್ಟಿದ ಈ ಹಾಡಿನ ಹೆಸರಿಗೆ ‘ತೊಲಗಿತು ಪೀಡೆ’ ಅನ್ನುವಂಥ ಅರ್ಥ. ಜನ ಹೆಸರು ಮರೆತು ಬರೀ ರಾಗ ಹಿಡಿದುಕೊಂಡರು. ಅಮೆರಿಕದ ಶಾಲೆ-ಕಾಲೇಜುಗಳಲ್ಲಿ ಬೀಳ್ಕೊಡುಗೆಯ ಗೀತೆಯೇ ಆಗಿಹೋಯಿತು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಕೊನೆ ದಿನವೂ ಗಿಟಾರು ಬಲ್ಲ ಒಬ್ಬ ಹುಡುಗ ಅದನ್ನೇ ನುಡಿಸಿ, ಮೆಕ್ಯಾನಿಕಲ್ ಬ್ರಾಂಚಿನ ಗಂಡಸರನ್ನೆಲ್ಲ ಅಳಿಸಿದ. ಸಿಟ್ಟಿನ ಹಾಡು ಬೀಳ್ಕೊಡುಗೆಯ ಹಾಡಾದದ್ದು ಕೇಳುಗರ ದಡ್ಡತನ ಅಲ್ಲ. ಅಗಲಿಕೆಯಲ್ಲಿ ಎರಡೂ ಇರುತ್ತವೆ, ರಾಗಕ್ಕೆ ಅದು ಗೊತ್ತಿತ್ತು.

2000ದ ‘ವಾರ್ನಿಂಗ್’ ಹೊತ್ತಿಗೆ ಸದ್ದು ಇನ್ನೂ ಮೆತ್ತಗಾಯಿತು, ಕೊಳ್ಳುವವರೂ ಕಮ್ಮಿಯಾದರು. 2002ರಲ್ಲಿ ತಾವೇ ದಾರಿ ಮಾಡಿಕೊಟ್ಟ ಬ್ಲಿಂಕ್-182 ಬ್ಯಾಂಡಿನ ಜೊತೆ ಜಂಟಿ ಪ್ರವಾಸ ಹೋದರು. ಕೊನೆಗೆ ಹಾಡುವ ಗೌರವ ಕಿರಿಯರಿಗೆ, ಅವರಿಗಿಂತ ಮೊದಲು ಹಾಡಿ ಇಳಿಯುವುದು ಇವರ ಪಾಲಿಗೆ. ಮೂವತ್ತು ವರ್ಷಕ್ಕೇ ಹಿರಿಯ ಕಲಾವಿದರಾದರು. ಆಮೇಲೆ 2003ರಲ್ಲಿ, ಹೆಚ್ಚುಕಡಿಮೆ ಮುಗಿದಿದ್ದ ‘ಸಿಗರೆಟ್ಸ್ ಅಂಡ್ ವ್ಯಾಲೆಂಟೈನ್ಸ್’ ಆಲ್ಬಂನ ಮಾಸ್ಟರ್ ಟೇಪುಗಳು ಸ್ಟುಡಿಯೋದಿಂದ ಕಳುವಾದವು. ಬ್ಯಾಕಪ್ ಇಲ್ಲದೆ ಲ್ಯಾಪ್‌ಟಾಪ್ ಸತ್ತವರಿಗೆ ಆ ಸಂಕಟ ಗೊತ್ತಿರುತ್ತೆ. ಅಂಥ ಹೊತ್ತಿನಲ್ಲಿ ಎರಡು ದಾರಿ: ನೆನಪಿನಿಂದ ಅದನ್ನೇ ಮತ್ತೆ ಬರೆಯುವುದು, ಇಲ್ಲವೇ ಅದು ಅಷ್ಟು ಚೆನ್ನಾಗಿತ್ತಾ ಅಂತ ಕೇಳಿಕೊಳ್ಳುವುದು. ಅವರು ಎರಡನೆಯದನ್ನು ಮಾಡಿದರು. ನಮ್ಮ ಅತ್ಯುತ್ತಮ ಕೆಲಸ ಅದಲ್ಲ ಅಂತ ಒಪ್ಪಿಕೊಂಡು ಸೊನ್ನೆಯಿಂದ ಶುರು ಮಾಡಿದರು.

ಹೊಸದು ಹುಟ್ಟಿದ್ದು ಆಟದಿಂದ. ಒಂದು ದಿನ ಸ್ಟುಡಿಯೋದಲ್ಲಿ ಒಬ್ಬನೇ ಇದ್ದ ಮೈಕ್ ಮೂವತ್ತು ಸೆಕೆಂಡಿನ ಒಂದು ಹಾಡು ರೆಕಾರ್ಡ್ ಮಾಡಿಟ್ಟ. ಉಳಿದವರು ಅದಕ್ಕೆ ಇನ್ನೊಂದು ತುಣುಕು, ಮತ್ತೊಂದು ತುಣುಕು ಅಂತ ಅಂತ್ಯಾಕ್ಷರಿ ಹಾಗೆ ಪೋಣಿಸುತ್ತಾ ಹೋದರು. ಐದು ಭಾಗಗಳ ‘ಹೋಮ್‌ಕಮಿಂಗ್’ ಆಗಿದ್ದು ಹಾಗೆ. ಅಲ್ಲಿಂದ ಇಡೀ ಆಲ್ಬಂಗೆ ಒಂದೇ ಕತೆ ಇರಲಿ ಅನ್ನುವ ಯೋಚನೆ ಬೆಳೆಯಿತು. 2004ರ ಸೆಪ್ಟೆಂಬರಿನಲ್ಲಿ, ಬುಷ್ ಎರಡನೇ ಸಲ ಚುನಾವಣೆಗೆ ನಿಂತಿದ್ದಾಗ, ಇರಾಕ್ ಯುದ್ಧ ನಡೆಯುತ್ತಿದ್ದಾಗ, ‘ಅಮೆರಿಕನ್ ಇಡಿಯಟ್’ ಬಂತು. ಅವರ ಮೊದಲ ನಂಬರ್ ಒನ್ ಆಲ್ಬಂ.

ಇದನ್ನು ಎಲ್ಲರೂ ರಾಜಕೀಯ ಆಲ್ಬಂ ಅಂತಾರೆ. ಅದು ಅರ್ಧ ಸತ್ಯ. ನೇರವಾಗಿ ಸರ್ಕಾರವನ್ನೂ ಯುದ್ಧವನ್ನೂ ಟೀವಿಯನ್ನೂ ಬಯ್ಯುವುದು ಶೀರ್ಷಿಕೆ ಗೀತೆ ಮತ್ತು ‘ಹಾಲಿಡೇ’. ಉಳಿದದ್ದೆಲ್ಲ ಒಬ್ಬ ಹುಡುಗನ ಕತೆ. ‘ಜೀಸಸ್ ಆಫ್ ಸಬರ್ಬಿಯ’ ಅಂತ ತನಗೆ ತಾನೇ ಹೆಸರಿಟ್ಟುಕೊಂಡ ಸಣ್ಣ ಊರಿನ ಹುಡುಗ ಮನೆ ಬಿಟ್ಟು ಪೇಟೆಗೆ ಹೋಗುತ್ತಾನೆ. ಅಲ್ಲಿ ಸೇಂಟ್ ಜಿಮ್ಮಿ ಅನ್ನುವ ಪುಂಡ ಸಿಗುತ್ತಾನೆ. ಅವನು ಇವನದೇ ಇನ್ನೊಂದು ಮುಖ. ನಶೆ ಹತ್ತುತ್ತೆ. ಒಬ್ಬ ಹುಡುಗಿ ಸಿಗುತ್ತಾಳೆ, ಅವಳಿಗೆ ಇವನಿಗಿಂತ ಹೆಚ್ಚು ಧೈರ್ಯ. ಇವನು ಅವಳನ್ನು ಕಳೆದುಕೊಳ್ಳುತ್ತಾನೆ, ಜಿಮ್ಮಿ ಸಾಯುತ್ತಾನೆ, ಇವನು ತೆಪ್ಪಗೆ ಮನೆಗೆ ವಾಪಸ್ಸು ಬರುತ್ತಾನೆ. ಕೊನೆಯ ಹಾಡಿನಲ್ಲಿ ಅವನಿಗೆ ಆ ಹುಡುಗಿಯ ಹೆಸರೇ ನೆನಪಾಗುವುದಿಲ್ಲ. ಕ್ರಾಂತಿ ಆಗಲಿಲ್ಲ. ಹೊರಗಿನ ಅನ್ಯಾಯ ನಿಜ, ಆದರೆ ಇವನು ಸೋತದ್ದು ತನ್ನೊಳಗಿನ ಸೋಮಾರಿತನಕ್ಕೆ, ಹೇಡಿತನಕ್ಕೆ. ಸೋಫಾ ಮೇಲಿದ್ದ ‘ಲಾಂಗ್‌ವ್ಯೂ’ ಹುಡುಗ ಕೊನೆಗೂ ಎದ್ದು ಹೊರಟರೆ ಏನಾಗಬಹುದಿತ್ತೋ ಅದೇ ಆಗಿದೆ. ದೇಶ ಕೆಟ್ಟಿದೆ ಅನ್ನುವವನು ತನ್ನನ್ನು ಆ ಪಟ್ಟಿಯಿಂದ ಬಿಟ್ಟುಕೊಂಡಿಲ್ಲ. ಅದಕ್ಕೇ ಆ ಸಿಟ್ಟನ್ನು ನಂಬಬೇಕು ಅನ್ನಿಸುತ್ತೆ.

ಇದಕ್ಕೆ ಸಾಕ್ಷಿ ‘ವೇಕ್ ಮಿ ಅಪ್ ವೆನ್ ಸೆಪ್ಟೆಂಬರ್ ಎಂಡ್ಸ್’. ಹತ್ತು ವರ್ಷದವನಾಗಿದ್ದಾಗ ತೀರಿಕೊಂಡ ಅಪ್ಪನಿಗಾಗಿ ಬಿಲ್ಲಿ ಜೋ ಇಪ್ಪತ್ತು ವರ್ಷದ ನಂತರ ಬರೆದ ಹಾಡು. ವಿಡಿಯೋದಲ್ಲಿ ಅದು ಇರಾಕಿಗೆ ಹೋದ ಸೈನಿಕನ, ಅವನ ಗೆಳತಿಯ ಕತೆಯಾಯಿತು. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಜನ ಅದನ್ನು ಆ ದುಃಖಕ್ಕೂ ಹಾಡಿಕೊಂಡರು. ಇಲ್ಲಿ ನಮ್ಮ ಹಾಸ್ಟೆಲಿನಲ್ಲಿ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿ ಬಂದ ಎಂಪಿ3ಯಾಗಿ, ಬುಷ್ ಯಾರು ಅಂತ ತಲೆಕೆಡಿಸಿಕೊಳ್ಳದವರ ಕಿವಿಯಲ್ಲೂ ಅದು ಇತ್ತು. ಘೋಷಣೆಯ ಒಳಗೆ ಹೋಗಿ ಕೂರೋಕೆ ಆಗುವುದಿಲ್ಲ. ಒಪ್ಪಬೇಕು ಇಲ್ಲ ಬಿಡಬೇಕು. ಒಬ್ಬ ಮಗನ ದುಃಖದೊಳಗೆ ಯಾರು ಬೇಕಾದರೂ ಹೋಗಿ ತಮ್ಮದನ್ನು ಅಳಬಹುದು.

ಈಗ ಶೀರ್ಷಿಕೆಯ ಪ್ರಶ್ನೆಗೆ ಉತ್ತರ. ಗ್ರೀನ್ ಡೇ ಮಾರಾಟವಾದದ್ದು 2009ರಲ್ಲಿ, ‘ಟ್ವೆಂಟಿ ಫಸ್ಟ್ ಸೆಂಚುರಿ ಬ್ರೇಕ್‌ಡೌನ್’ ಆಲ್ಬಂನಲ್ಲಿ. ದುಡ್ಡಿಗೆ ಖಂಡಿತ ಅಲ್ಲ. ಬೈಗುಳಗಳನ್ನು ತೆಗೆದ ಪ್ರತಿ ಕೊಟ್ಟರೆ ಮಾತ್ರ ಮಾರುತ್ತೇವೆ ಅಂತ ಅಮೆರಿಕದ ದೊಡ್ಡ ಅಂಗಡಿ ವಾಲ್‌ಮಾರ್ಟ್ ಹೇಳಿದಾಗ, ಹಾಗಾದರೆ ಬೇಡ ಅಂದವರು ಇವರು. ಅವರು ಬಿಟ್ಟುಕೊಟ್ಟದ್ದು ಆ ಪೆಚ್ಚು ‘ನಾನು’ವನ್ನು. ಹೊಸ ಆಲ್ಬಂ ಕೂಡ ಮೂರು ಅಂಕದ ಕತೆಯೇ. ಕ್ರಿಶ್ಚಿಯನ್, ಗ್ಲೋರಿಯ ಅಂತ ಇಬ್ಬರು ಪ್ರೇಮಿಗಳೂ ಇದ್ದಾರೆ. ಆದರೆ ಆಲ್ಬಂ ಮುಗಿದ ಮೇಲೆ ಅವರಿಬ್ಬರ ಮುಖ ನೆನಪಿರುವುದಿಲ್ಲ. ಮೊದಲು ಬಿಡುಗಡೆಯಾದ ‘ನೋ ಯುವರ್ ಎನಿಮಿ’ಯನ್ನೇ ತಗೊಳ್ಳಿ. ಶತ್ರು ಶತ್ರು ಅಂತ ಕೂಗುತ್ತೆ, ಯಾರು ಶತ್ರು ಅಂತ ಹೇಳುವುದಿಲ್ಲ. ಎಪ್ಪತ್ತು ಸಾವಿರ ಜನರ ಸ್ಟೇಡಿಯಂನಲ್ಲಿ ಎಲ್ಲರೂ ಮುಷ್ಟಿ ಎತ್ತೋಕೆ ತಕ್ಕ ಹಾಡು. ಎತ್ತಿದ ಮುಷ್ಟಿ ಯಾರ ಕಡೆಗೆ ಅಂತ ಯಾರೂ ಕೇಳಬೇಕಿಲ್ಲ, ಹಾಗಾಗಿ ಯಾರಿಗೂ ಕಷ್ಟವಿಲ್ಲ. ಆ ಆಲ್ಬಂಗೂ ಗ್ರ್ಯಾಮಿ ಬಂತು.

‘ನಾವು’ ಅನ್ನುವುದು ಕೆಟ್ಟ ಪದ ಅಂತ ನಾನು ಹೇಳುತ್ತಿಲ್ಲ. ನಮ್ಮ ದಲಿತ-ಬಂಡಾಯದ ಹಾಡುಗಳು ಊರೂರು ತಿರುಗಿದಾಗ ಆ ‘ನಾವು’ ಹಿಂದೆ ನಿಜವಾದ ಕೇರಿಗಳು, ನಿಜವಾದ ಹಸಿವು ನಿಂತಿದ್ದವು. ಗ್ರೀನ್ ಡೇಯ ‘ನಾವು’ ಹಿಂದೆ ನಿಂತದ್ದು ಟಿಕೆಟು ಕೊಂಡ ಪ್ರೇಕ್ಷಕರು. ಒಂದು ಕಾಲದಲ್ಲಿ ಆ ಸ್ಥಾನದಲ್ಲಿ ಗಿಲ್ಮನ್ ಇತ್ತು. ಆದರೆ ಆಗ ಅವರು ‘ನಾವು’ ಅಂತ ಹಾಡಲೇ ಇಲ್ಲ.

ಆಮೇಲೆ ಇಳಿಜಾರು. 2012ರಲ್ಲಿ ‘ಊನೊ’, ‘ಡೋಸ್’, ‘ಟ್ರೇ’ ಅಂತ ನಾಲ್ಕು ತಿಂಗಳೊಳಗೆ ಮೂರು ಆಲ್ಬಂ, 37 ಹಾಡು. ಅದರಲ್ಲಿ ಹತ್ತು ಹಾಡಿನ ಒಂದು ಒಳ್ಳೆ ಆಲ್ಬಂ ಇದೆ, ಉಳಿದದ್ದು ಜರಡಿ ಹಿಡಿಯದ ಹಿಟ್ಟು. ಮೊದಲನೆಯದು ಬರುವ ಕೆಲವೇ ದಿನ ಮುಂಚೆ ಲಾಸ್ ವೇಗಸ್‌ನ ವೇದಿಕೆಯಲ್ಲಿ, ಇನ್ನು ಒಂದೇ ನಿಮಿಷ ಉಳಿದಿದೆ ಅಂತ ಬೋರ್ಡು ತೋರಿಸಿದಾಗ ಬಿಲ್ಲಿ ಜೋ ಸಿಡಿದುಬಿದ್ದು ಗಿಟಾರು ಒಡೆದ; ಆಮೇಲೆ ವ್ಯಸನದ ಚಿಕಿತ್ಸೆಗೆ ಸೇರಿದ. ಆ ವಿಡಿಯೋ ಇಟ್ಟುಕೊಂಡು ನಕ್ಕವರು ಬಹಳ. ನನಗೆ ಅದರಲ್ಲಿ ಕಂಡದ್ದು, 37 ಹಾಡಿನಲ್ಲೂ ಬಾಯಿಬಿಡದ ಒಬ್ಬ ಮನುಷ್ಯ ವೇದಿಕೆಯ ಮೇಲೆ ಬಾಯಿಬಿಟ್ಟದ್ದು.

2016ರಲ್ಲಿ ಟ್ರಂಪ್ ಗೆದ್ದ ಮೇಲೆ ಟೀವಿಯ ನೇರ ಪ್ರಸಾರದಲ್ಲಿ ಅವನ ವಿರುದ್ಧ ಘೋಷಣೆ ಕೂಗಿದರು. 2023ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಟೀವಿ ಕಾರ್ಯಕ್ರಮದಲ್ಲಿ ‘ಅಮೆರಿಕನ್ ಇಡಿಯಟ್’ ಹಾಡುವಾಗ ಒಂದು ಸಾಲಿನ ಪದ ಬದಲಿಸಿ ಅವನ ಬೆಂಬಲಿಗರನ್ನು ಚುಚ್ಚಿದರು. ಸುದ್ದಿಯಾಯಿತು. ಅವರ ರಾಜಕೀಯದ ಬಗ್ಗೆ ನನಗೆ ತಕರಾರಿಲ್ಲ, ಧೈರ್ಯದ ಬಗ್ಗೆಯೂ ಇಲ್ಲ. ಆದರೆ ವಿಮರ್ಶೆ ಅಂತ ಕೂತ ಮೇಲೆ ಹೇಳಲೇಬೇಕು: ಇಪ್ಪತ್ತು ವರ್ಷದ ಹಿಂದಿನ ಕೋಡಿಗೆ ಒಂದು ಪದದ ಪ್ಯಾಚು ಹಾಕಿ ಹೊಸ ವರ್ಷನ್ ಅಂತ ಬಿಡುಗಡೆ ಮಾಡಿದರೆ ಅದು ಹೊಸ ಕೆಲಸ ಆಗುವುದಿಲ್ಲ.

ಹೊಸ ಕೆಲಸ ನಡೆದದ್ದು ಬೇರೆ ಕಡೆ. 2024ರ ಜನವರಿಯಲ್ಲಿ ಬಂದ ‘ಸೇವಿಯರ್ಸ್’ ಆಲ್ಬಂನಲ್ಲಿ ಅಮೆರಿಕದ ಕನಸಿನ ಮೇಲೆ ಹರಿಹಾಯುವ ಹಾಡು ಮೊದಲಿಗೇ ಇದೆ. ಚೆನ್ನಾಗಿದೆ, ಕೇಳಿ ಮರೆಯಬಹುದು. ಅದೇ ಆಲ್ಬಂನ ‘ಡಿಲೆಮಾ’ ಮರೆಯೋಕೆ ಬಿಡುವುದಿಲ್ಲ. ಐವತ್ತು ದಾಟಿದ ಮನುಷ್ಯ ತನ್ನ ಕುಡಿತದ ಬಗ್ಗೆ, ಬಿಟ್ಟೂ ಬಿಡದ ಚಟದ ಬಗ್ಗೆ, ಅದೇ ಹಳೇ ಸಿಹಿ ರಾಗದಲ್ಲಿ ಹಾಡುತ್ತಾನೆ. ಕೆಳಗೆ ಜಗಳ, ಮೇಲೆ ಜೋಗುಳ. ಶತ್ರು ಯಾರು ಅಂತ ಈ ಹಾಡಿನಲ್ಲಿ ಕೇಳಬೇಕಾಗಿಲ್ಲ, ಕನ್ನಡಿಯಲ್ಲಿದ್ದಾನೆ. ಸುಮಾರು ಹದಿನೈದು ವರ್ಷ ಕಾಣೆಯಾಗಿದ್ದ ‘ನಾನು’ ಕೂದಲಿಗೆ ಬಣ್ಣ ಹಾಕಿಕೊಂಡು ವಾಪಸ್ಸು ಬಂದಿದ್ದಾನೆ.

2015ರ ಏಪ್ರಿಲಿನಲ್ಲಿ ಇವರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು. ಮರು ತಿಂಗಳೇ, ಬೆಂಕಿ ಅನಾಹುತದಲ್ಲಿ ನಷ್ಟವಾದ ಸ್ಥಳೀಯ ಪ್ರಕಾಶನ ಮತ್ತು ಮುದ್ರಣಾಲಯದವರ ನೆರವಿಗಾಗಿ, 924 ಗಿಲ್ಮನ್ ಸ್ಟ್ರೀಟಿನ ವೇದಿಕೆ ಹತ್ತಿ ಹಾಡಿದರು. ಅಂದು ರಾತ್ರಿ ನಿಯಮ ಸಡಿಲವಾಯಿತು. ದಾಟಿ ಹೋದವರೂ ಉಳಿದವರೂ ಒಂದು ಸಂಜೆಯ ಮಟ್ಟಿಗೆ ಒಂದೇ ಸೂರಿನ ಕೆಳಗೆ ಸೇರೋಕೆ ಸುಮಾರು 22 ವರ್ಷ ಬೇಕಾಯಿತು. ಇನ್ನೂ ಹತ್ತು ವರ್ಷ ಬಿಟ್ಟು, 2025ರ ಮಾರ್ಚಿನಲ್ಲಿ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ, ಲೊಲ್ಲಾಪಲೂಝಾ ಉತ್ಸವಕ್ಕೆ ಬಂದರು. ನನ್ನ ಆಫೀಸಿನಿಂದಲೂ ಮೂವರು ರಜೆ ಹಾಕಿ ಹೋಗಿದ್ದರು. ಗಂಟಲು ಕಟ್ಟಿಸಿಕೊಂಡು ಬಂದವರು ಸೋಮವಾರದ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಚಾಟ್‌ನಲ್ಲೇ ಸ್ಟೇಟಸ್ ಹಾಕಿದರು. ಬರೀ ಹಳೇ ಹಾಡಿಗೆ ಜನ ಕುಣಿದರು ಅಂತ ಅವರಲ್ಲೊಬ್ಬ ಹೇಳಿದ. ಕುಣಿಯಲಿ.

ಆದರೆ ಮನೆಗೆ ಬಂದ ಮೇಲೆ, ಇಯರ್‌ಫೋನ್ ಹಾಕಿಕೊಂಡು, ‘ಕರ್‌ಪ್ಲಂಕ್’ನಲ್ಲಿರುವ ಹಳೇ ‘ವೆಲ್ಕಂ ಟು ಪ್ಯಾರಡೈಸ್’ ಒಂದು ಸಲ ಕೇಳಿ. ಅದು ಮುಗಿದ ತಕ್ಷಣ ‘ಡಿಲೆಮಾ’ ಹಾಕಿ. ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ, ಕೋಟಿಗಟ್ಟಲೆ ಪ್ರತಿ, ಗ್ರ್ಯಾಮಿಗಳು, ಬೈಗುಳಗಳು. ಮೊದಲನೆಯದರಲ್ಲಿ ಒಬ್ಬ ಹುಡುಗ ಅಮ್ಮನಿಗೆ ತಾನು ಚೆನ್ನಾಗಿದ್ದೇನೆ ಅಂತ ಹೇಳುತ್ತಿದ್ದಾನೆ. ಎರಡನೆಯದರಲ್ಲಿ ಅದೇ ಹುಡುಗ, ಚೆನ್ನಾಗಿಲ್ಲ ಅಂತ.